ಜೋಮು ಹಿಡಿಸಿದ ಸೀಟು

ಹುಟ್ಟುವಾಗ ನಾನು ಮೆತ್ತಗೇ ಇದ್ದೆ. ಉಗುರುಬೆಚ್ಚಗಿನ ನೀರಲ್ಲಿ ನೆನೆದ ಚರ್ಮವನ್ನು ಯಾರೋ ಅಚ್ಚಿನ ಮೇಲೆ ಎಳೆದು ಬಿಗಿದರು. ಒಣಗುತ್ತ ಒಣಗುತ್ತ ಗಟ್ಟಿಯಾದೆ. ಹಿಂದೆ ಅಂಗೈ ಅಗಲ, ಮುಂದೆ ಹಕ್ಕಿಯ ಕೊಕ್ಕಿನಂಥ ಮೂಗು. ರೇಸ್ ಸೈಕಲ್ಲಿನ ಸೀಟು ಹಾಗೇ ಇರಬೇಕಂತೆ. ಅಂಗಡಿಯ ಗಾಜಿನ ಹಿಂದೆ ಕೂತು ರಸ್ತೆಯ ಕನಸು ಕಾಣುತ್ತಿದ್ದೆ. ರಸ್ತೆ ಎಂದರೇನೆಂದು ಇನ್ನೂ ಗೊತ್ತಿರಲಿಲ್ಲ, ಅದಕ್ಕೇ ಕನಸು ಚೆನ್ನಾಗಿತ್ತು.

ನನ್ನನ್ನು ಕೊಂಡವನು ವಿಜಯಪುರದ ರಾಯಗೊಂಡ. ಆ ಕಡೆಯ ಹುಡುಗರಿಗೆ ಸೈಕಲ್ ಎಂದರೆ ಹುಚ್ಚು. ರಾಯಗೊಂಡ ನನ್ನ ಮೇಲೆ ಕೂತು ಎಷ್ಟೋ ರೇಸು ಗೆದ್ದ. ಮೊಣಕಾಲು ಕೈಕೊಟ್ಟಾಗ ನನ್ನನ್ನು ತನ್ನ ಶಿಷ್ಯ ಮಾಳಪ್ಪನಿಗೆ ದಾಟಿಸಿದ. ಗೆದ್ದ ಸೀಟನ್ನು ಮಾರಬಾರದು, ಕಿರಿಯರಿಗೆ ಕೊಡಬೇಕು ಅನ್ನುವುದು ಅವರ ಗುಂಪಿನ ಪದ್ಧತಿ. ಪಾನಾ ಹಿಡಿದು ಮಾಳಪ್ಪನ ಸೈಕಲ್ಲಿಗೆ ತಾನೇ ಕೂರಿಸಿದ. ಮೂಗನ್ನು ಒಂದಿಷ್ಟು ಮೇಲೆತ್ತಿ ಬಿಗಿದ.

"ಹಿಂಗಿರ್ಲಿ. ಮುಂದ ಜಾರಂಗಿಲ್ಲ."

"ಅಣ್ಣಾ, ಜೋಮು ಹಿಡೀತೈತಿ."

"ಹಿಡೀಬೇಕಲೇ! ಜೋಮು ಹಿಡೀಲಾರದವ ಎಂಥಾ ಸೈಕ್ಲಿಸ್ಟ?"

ಆ ಗುಂಪಿನಲ್ಲಿ ಜೋಮು ಎಂದರೆ ಪದಕ. ದೂರದ ಪ್ರಾಕ್ಟೀಸು ಮುಗಿಸಿ ಇಳಿದವರು ತೊಡೆ ಬಡಿದುಕೊಂಡು ನಗುತ್ತಿದ್ದರು. "ನಂದು ಜಾಗಾದಾಗಿಲ್ಲೋ ಮಾರಾಯ, ದಾರ್ಯಾಗೆಲ್ಲೋ ಬಿದ್ದೈತಿ!" "ತಿರುಗಿ ಹೋಗಿ ಹುಡುಕ್ಕೊಂಡ್ ಬಾ!"

ನಾನೂ ಹೆಮ್ಮೆಪಟ್ಟೆ. ಮಾಳಪ್ಪನ ಜೊತೆ ಕಳೆದ ಆ ವರ್ಷಗಳು ನಿದ್ದೆಯಲ್ಲಿ ಕೇಳಿದ ಹಾಡಿನಂತಿವೆ. ಬೆಳಗಿನ ಮಂಜು, ಜೋಳದ ಹೊಲದ ಮೇಲಿಂದ ಬರುವ ತಣ್ಣನೆ ಗಾಳಿ, ನಮ್ಮ ಕೆಳಗೆ ಕಪ್ಪು ಹೊಳೆಯಂತೆ ಹಿಂದಕ್ಕೆ ಹರಿಯುವ ರಸ್ತೆ. ಎಷ್ಟೋ ಸಲ ನಾವು ನಿಂತೇ ಇದ್ದೇವೆ, ಲೋಕವೇ ನಮ್ಮನ್ನು ದಾಟಿ ಹೋಗುತ್ತಿದೆ ಅನ್ನಿಸುತ್ತಿತ್ತು.

ಆಮೇಲೆ ಮಾಳಪ್ಪನಿಗೆ ಕಸ್ತೂರಿಯೊಡನೆ ಮದುವೆಯಾಯಿತು.

ಮೊದಮೊದಲು ಮನೆಯೊಳಗಿಂದ ಬಳೆಯ ಸದ್ದು, ಪಿಸುಮಾತು ಅಂಗಳದವರೆಗೂ ಬರುತ್ತಿದ್ದವು. ಕ್ರಮೇಣ ಬರೀ ಪಾತ್ರೆಗಳ ಸದ್ದು ಉಳಿಯಿತು. ಮಾಳಪ್ಪ ಇನ್ನೂ ಬೇಗ ಏಳತೊಡಗಿದ, ಇನ್ನೂ ದೂರ ಹೋಗತೊಡಗಿದ. ಅವನು ರಸ್ತೆಯತ್ತ ಓಡುತ್ತಿದ್ದಾನೋ ಮನೆಯಿಂದ ಓಡುತ್ತಿದ್ದಾನೋ ನನಗೆ ತಿಳಿಯಲಿಲ್ಲ. ಕೆಳಗಿದ್ದವರಿಗೆ ಮೇಲಿನವರ ಭಾರ ತಿಳಿಯುತ್ತದೆ, ಮುಖ ಕಾಣುವುದಿಲ್ಲ.

ಒಂದು ಸಂಜೆ ಅವನು ಸ್ಟ್ಯಾಂಡಿಗೇರಿಸಿದ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಕಸ್ತೂರಿ ಬಂದು ಬಾಗಿಲಿಗೊರಗಿ ನಿಂತಳು.

"ನಾಳೆ ತವರಿಗೆ ಹೋಗ್ತೀನ್ರಿ. ತಿರುಗಿ ಬರೂದು ನಿಮ್ಮ ಮ್ಯಾಲೈತಿ. ನಾ ನಿಮಗ ಬ್ಯಾಡಾಗೀನೇನು?"

ಅವನು ಚೈನು ತಿರುಗಿಸುತ್ತಲೇ ಇದ್ದ.

"ಇದರ ಮ್ಯಾಲ ತಾಸುಗಟ್ಟಲೆ ಕುಂಡ್ರತೀರಿ. ನನ್ನ ಹತ್ರ ಒಂದ್ ಗಳಿಗಿ ಕುಂಡ್ರಾಕ ಆಗಂಗಿಲ್ಲ. ಇದರಾಗ ಅಂಥಾದ್ದೇನೈತಿ, ನೋಡೇ ಬಿಡ್ತೀನಿ!"

ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನ ಹೆಗಲು ಹಿಡಿದು, ನನ್ನ ಮೇಲೆ ಹತ್ತಿ ಕೂತೇಬಿಟ್ಟಳು. ಮರುಕ್ಷಣವೇ ಚೀರಿದಳು.

"ಅಯ್ಯಯ್ಯ! ಇದು ಸೀಟೋ ಒನಕಿಯೋ? ನಿಮಗ ನೋವಾಗಂಗಿಲ್ಲೇನ್ರಿ?"

ಮಾಳಪ್ಪ ಎಣ್ಣೆಯ ಡಬ್ಬಿ ಕೆಳಗಿಟ್ಟ. "ನೋವು ಅಲ್ಲ ಕಸ್ತೂರಿ," ಅಂದ. ಎಷ್ಟು ಮೆಲ್ಲಗೆಂದರೆ ನನಗೆ ಮಾತಿಗಿಂತ ಉಸಿರೇ ಹೆಚ್ಚು ಕೇಳಿತು. "ಏನೂ ತಿಳಿಯಂಗಿಲ್ಲ. ಜೋಮು. ಮದ್ಲ ಇಳಿದ ಮ್ಯಾಲ ಹೋಗ್ತಿತ್ತು. ಈಗೀಗ ಹೋಗಂಗಿಲ್ಲ. ನೀ ಬ್ಯಾಡಾಗಿಲ್ಲ... ನನಗ ಆಗವಲ್ದು."

ಅವಳು ಇಳಿಯಲಿಲ್ಲ. ಅಲ್ಲೇ ಕೂತು ಅವನ ತಲೆಯ ಮೇಲೆ ಕೈಯಿಟ್ಟಳು. ಅವತ್ತು ನಾನು ಹೊತ್ತಿದ್ದು ಇಬ್ಬರನ್ನೂ.

ಮರುದಿನ ಕಸ್ತೂರಿ ತವರಿನ ಬಸ್ಸು ಹಿಡಿಯಲಿಲ್ಲ. ಇಬ್ಬರೂ ಸೈಕಲ್ ಸಮೇತ ಡಾಕ್ಟರ ಬಳಿ ಹೋದರು. ಆ ವಯಸ್ಸಾದ ಡಾಕ್ಟರು ಪಡಸಾಲೆಗೇ ಬಂದು ನನ್ನ ಮೂಗನ್ನು ಹೆಬ್ಬೆರಳಿಂದ ಒತ್ತಿದರು.

"ಸೈಕಲ್ ಹೊಡಿಯೋರಿಗೆಲ್ಲ ನಿಮಿರುವಿಕಿ ತೊಂದರಿ ಬರ್ತೈತಿ ಅನ್ನಾಕ ಬರಂಗಿಲ್ಲ. ಜನ್ಮಪೂರ್ತಿ ಹೊಡೆದು ಆರಾಮಿದ್ದೋರು ರಗಡ ಮಂದಿ. ಆದ್ರ ಇದು ಹಿಂಗ ಒತ್ತೂ ಜಾಗಾದಾಗ ನರ, ರಕ್ತನಾಳ ಅದಾವ. ಜೋಮು ಅಂದ್ರ ಶರೀರ 'ಇಳಿ' ಅಂತ ಒದರೂದು. ನೀವು ಅದನ್ನ ಪದಕ ಅಂತ ತಿಳಕೊಂಡೀರಿ!"

ಬೇರೆ ಕಾರಣವೂ ಇರಬಹುದೆಂದು ರಕ್ತದ ಸಕ್ಕರೆ ನೋಡಿದರು, ಒತ್ತಡ ನೋಡಿದರು. ಎರಡೂ ಸರಿಯಿದ್ದವು. ಕೆಲಕಾಲ ಸೈಕಲ್ ಬೇಡ. ಆಮೇಲೆ ನಡುವೆ ಟೊಳ್ಳಿರುವ ಅಗಲ ಸೀಟು, ಮೂಗು ಸಮ, ಆಗಾಗ ಪೆಡಲ್ ಮೇಲೆ ಎದ್ದು ನಿಲ್ಲಬೇಕು ಅಂದರು. "ಬೇಗ ಆರಾಮ ಆಗಬೇಕು ಅಂತ ಅವಸರ ಮಾಡಬ್ಯಾಡ್ರಿ. ಅಂಜಿಕೀನೂ ಒಂದು ರೋಗ."

ಆ ವರ್ಷದ ದೊಡ್ಡ ರೇಸು ಮಾಳಪ್ಪನಿಲ್ಲದೆ ಮುಗಿಯಿತು. "ಹೆಂಡ್ತಿ ಸೆರಗಿಗೆ ಬಿದ್ದಾನ," ಎಂದು ಗೆಳೆಯರು ಹಂಗಿಸಿದರು. ಅವನು ನನ್ನನ್ನು ಕಳಚಿ, ಒರೆಸಿ, ಗೋಡೆಯ ಮಾಡದಲ್ಲಿಟ್ಟ. ಯಾರಿಗೂ ದಾಟಿಸಲಿಲ್ಲ. ನನ್ನನ್ನು ಬೇಡಿ ಬಂದವರಿಗೆ ಕಾರಣವನ್ನೂ ಮುಚ್ಚಿಡದೆ ಹೇಳಿದ. ಒಬ್ಬರೂ ನಗಲಿಲ್ಲ. ಅವರಲ್ಲಿಬ್ಬರು ಮನೆಗೆ ಹೋಗಿ ತಮ್ಮ ಸೀಟಿನ ಮೂಗು ಇಳಿಸಿಕೊಂಡರಂತೆ.

ಮಾಡದೊಳಗೆ ದೂಳು ಮೆಲ್ಲಗೆ ಇಳಿಯುತ್ತದೆ. ಎಲ್ಲಾ ನನ್ನಿಂದಲೇ ಆಯಿತೋ ಇಲ್ಲವೋ, ಡಾಕ್ಟರೂ ಖಡಾಖಂಡಿತ ಹೇಳಲಿಲ್ಲ. ಗಟ್ಟಿಯಾಗಿರುವುದೇ ಗಂಡಸುತನ ಎಂದು ಗುಂಪಿನವರೂ ನಂಬಿದ್ದರು, ನಾನೂ ನಂಬಿದ್ದೆ. ಆ ಸಂಜೆ ಮಾಳಪ್ಪ ಆಡಿದ ನಾಲ್ಕು ಮೆತ್ತಗಿನ ಮಾತಿಗೆ ಬೇಕಾದ ಧೈರ್ಯ ಯಾವ ರೇಸಿಗೂ ಬೇಕಿರಲಿಲ್ಲ.

ಈಗ ಅವನು ಹೊಸ ಸೀಟಿನ ಮೇಲೆ ಗುಂಪಿನ ಜೊತೆ ಮತ್ತೆ ಹೋಗುತ್ತಾನೆ. ಆದರೆ ಇವತ್ತು ಬಿಸಿಲು ಅಂಗಳಕ್ಕಿಳಿದರೂ ಸೈಕಲ್ ಗೋಡೆಗೊರಗಿಯೇ ಇತ್ತು. ಹೊರಗೆ ಗುಂಪಿನವರ ಸೈಕಲ್ ಬೆಲ್ಲುಗಳು ಮೊಳಗಿದವು.

"ಮಾಳ್ಯಾ, ಎದ್ದೀಯೇನಲೇ?"

ಒಳಗಿಂದ ಕಸ್ತೂರಿಯ ದನಿ ಬಂತು. "ಇವತ್ತ ಬರಂಗಿಲ್ರಿ, ನೀವು ಹೋಗ್ರಿ."

ಆಮೇಲೆ ಒಳಗೆ ಇಬ್ಬರೂ ಬಾಯಿ ಮುಚ್ಚಿಕೊಂಡು ನಗುವ ಸದ್ದು.