ಮೆತ್ತಗಾದ ಗೆಡ್ಡೆ

ಗಡಿಯಾರ ರಿಪೇರಿಯವರು ಒಂಬತ್ತು ವರ್ಷ ಜೀವ ತೇಯ್ದು ಒಂದು ಹೊಸ ಐರಿಸ್ ಹೂವನ್ನು ಪಡೆದಿದ್ದರು. ಅಂಗಡಿಯ ಚಿಮಟದಿಂದಲೇ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಸವರಿ, ಬೀಜ ಬಿತ್ತಿ, ಪ್ರತಿಸಲವೂ ಮೂರು ವರ್ಷ ಕಾದು, ನೂರಾರು ಗಿಡ ಕಿತ್ತೆಸೆದ ಮೇಲೆ ಸಿಕ್ಕಿದ್ದು: ಹೊಗೆಯಂಥ ನೀಲಿ, ಅಂಚಿಗೆ ತಾಮ್ರದ ಗೆರೆ. ಊರಿನ ಐರಿಸ್ ಬಳಗದ ಹತ್ತೊಂಬತ್ತು ಮಂದಿಯೂ ಬಂದು ನೋಡಿ ಬೆರಗಾದರು. ಎಲ್ಲರಿಗೂ ಅದರ ಗೆಡ್ಡೆ ಬೇಕು.

ಹಂಚುವ ದಿನ ಗೆಡ್ಡೆಗಳನ್ನು ಅಗೆದು ಬಿಡಿಸುವಾಗ ಒಂದು ಗೆಡ್ಡೆ ಬೆರಳಿಗೆ ಮೆತ್ತಗೆ ಸಿಕ್ಕಿತು. ಕೊಳೆರೋಗ. ಅಂಥದ್ದು ಕಂಡರೆ ಎಲ್ಲವನ್ನೂ ಬದಿಗಿಟ್ಟು ಚಾಕುವನ್ನು ಸ್ಪಿರಿಟ್‌ನಲ್ಲಿ ತೊಳೆಯಬೇಕೆಂದು ಹೊಸಬರಿಗೆ ಪಾಠ ಹೇಳುತ್ತಿದ್ದವರೇ ಅವರು. ಆದರೆ ಬಳಗದವರು ಆಗಲೇ ಬಂದು ಕಾಯುತ್ತಿದ್ದರು. ಮೆತ್ತಗಿನ ಭಾಗವನ್ನು ಕೆತ್ತಿ ಎಸೆದು, ಅದೇ ಚಾಕುವಿನಿಂದ ಉಳಿದವನ್ನೂ ಕತ್ತರಿಸಿ ಹಂಚಿಬಿಟ್ಟರು.

ಆರು ವಾರಕ್ಕೆ ಫೋನುಗಳು ಶುರುವಾದವು. ಎಲೆ ಹಳದಿಯಾಗಿದೆ, ಮುಟ್ಟಿದರೆ ಗಿಡವೇ ಕೈಗೆ ಬರುತ್ತದೆ, ಪಕ್ಕದವಕ್ಕೂ ಹತ್ತಿದೆ. ಯಾರೂ ಅವರನ್ನು ದೂರಲಿಲ್ಲ. ಈ ವರ್ಷ ಮಳೆ ಅತಿಯಾಯಿತು ಅಂದರು. ಗಡಿಯಾರದವರು ಹೇಳಿಬಿಡೋಣವೆಂದು ಬಾಯಿ ತೆರೆದರೆ ಹೊರಬರುತ್ತಿದ್ದದ್ದು ಯಾವುದೋ ಔಷಧಿಯ ಹೆಸರು.

ಕೊನೆಗೆ ಫೋನ್ ಮಾಡಿದವರು ಸಿಸ್ಟರ್. ನರ್ಸಾಗಿ ನಿವೃತ್ತರಾದ ಅವರನ್ನು ಬಳಗದವರೆಲ್ಲ ಕರೆಯುತ್ತಿದ್ದದ್ದು ಹಾಗೆಯೇ. ತೀರಿಹೋದ ಅಕ್ಕ ಬೆಳೆಸಿದ್ದ ಬಿಳಿ ಐರಿಸ್ ಅವರ ಹಿತ್ತಲಿನಲ್ಲಿತ್ತು. ಆ ತಳಿ ಬೇರೆ ಯಾರ ಬಳಿಯೂ ಇರಲಿಲ್ಲ. ಹೊಸ ಗೆಡ್ಡೆಯನ್ನು ಅದರ ಮಗ್ಗುಲಲ್ಲೇ ನೆಟ್ಟಿದ್ದರು.

ಗಡಿಯಾರದವರು ಅಂಗಡಿಗೆ ಬೀಗ ಜಡಿದು ಓಡಿದರು. ಬಿಳಿ ಐರಿಸ್‌ನ ಇಡೀ ಪೊದೆ ಅಗೆದರೂ ಗಟ್ಟಿಯಾಗಿ ಉಳಿದದ್ದು ಹೆಬ್ಬೆರಳಿನಷ್ಟು ಚೂರು. ಅದನ್ನು ಕೆತ್ತಿ, ತೊಳೆದು, ಅಡುಗೆಮನೆಯ ಕಿಟಕಿಯಲ್ಲಿ ಬಿಸಿಲಿಗಿಟ್ಟರು.

“ಸಿಸ್ಟರ್, ಅದು ಕೊಳೆತಿದ್ದು ನಂಗೆ ಗೊತ್ತಿತ್ತು. ಆದ್ರೂ ಕೊಟ್ಟೆ.”

ಸಿಸ್ಟರ್ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು. ತಿರುಗಲಿಲ್ಲ. “ನಂಗೂ ಗೊತ್ತಿತ್ತು. ಮೂವತ್ತು ವರ್ಷ ಗಾಯ ತೊಳೆದವಳು ನಾನು. ಕೈಗೆ ಕೊಟ್ಟಾಗಲೇ ವಾಸನೆ ಬಂತು.”

“ಮತ್ಯಾಕೆ ನೆಟ್ರಿ?”

“ಎಲ್ಲಿ ನೆಡ್ತೀನಿ ಅಂತ ನೋಡೋಕೆ ಮನೆ ತನಕ ಬಂದ್ರಿ. ಅಕ್ಕನ ಹೂವಿನ ಪಕ್ಕ ಅಂದಾಗ ನಿಮ್ಮ ಕಣ್ಣು ತುಂಬಿತು. ನೀವು ಹೋದ್ಮೇಲೆ ಕಿತ್ತು ಹಾಕೋಣ ಅಂದ್ಕೊಂಡೆ. ಮನಸ್ಸು ಬರಲಿಲ್ಲ.”

ಯಾರು ಯಾರ ಕ್ಷಮೆ ಕೇಳಬೇಕೋ ಗಡಿಯಾರದವರಿಗೆ ತೋಚಲಿಲ್ಲ. ಹನ್ನೊಂದು ದಿನ ಬೆಳಿಗ್ಗೆ ಹೋಗಿ ಆ ಚೂರನ್ನು ಮೆಲ್ಲಗೆ ಒತ್ತಿ ನೋಡಿದರು. ಹನ್ನೆರಡನೆಯ ದಿನ ಬೆರಳು ಒಳಗೆ ಹೋಯಿತು. ಸಿಸ್ಟರ್ ಅದನ್ನು ಕಾಗದದಲ್ಲಿ ಸುತ್ತಿ, ಉಳಿದವರಿಗೂ ಹೇಳಿಬಿಡಿ ಅಂದರು.

ಅಂದೇ ಮಧ್ಯಾಹ್ನ ಗಡಿಯಾರದವರು ಹೊರಟರು. ಮೊದಲ ಮನೆ ವಕೀಲರದು. ನಿಂತಲ್ಲೇ ಎಲ್ಲವನ್ನೂ ಒಪ್ಪಿಕೊಂಡರು. ವಕೀಲರು ಮಧ್ಯದಲ್ಲೇ ಅವರ ಭುಜ ಹಿಡಿದು ಕೂರಿಸಿ, ಹೆಂಡತಿಯನ್ನು ಕರೆದರು.

“ನೋಡೇ, ನಮಗೆ ಬೇಜಾರಾಗಬಾರದು ಅಂತ ತಪ್ಪೆಲ್ಲ ತಮ್ಮ ಮೇಲೆ ಹಾಕ್ಕೊಳ್ತಿದ್ದಾರೆ. ಇಂಥ ಮನುಷ್ಯ ಎಲ್ಲಿ ಸಿಗ್ತಾರೆ?”

ಗಡಿಯಾರದವರು ಇನ್ನೊಮ್ಮೆ ಮೊದಲಿನಿಂದ ಹೇಳಿದರು. ಗಂಡ ಹೆಂಡತಿ ಇಬ್ಬರೂ ಪ್ರೀತಿಯಿಂದ ತಲೆಯಾಡಿಸುತ್ತ ಕೇಳಿದರು. ಇನ್ನೂ ಹದಿನೇಳು ಮನೆಗಳಿದ್ದವು.