ಅಳತೆಗೆ ಕೊಟ್ಟ ರವಿಕೆ

ನಾನು ಒಂದು ರವಿಕೆ. ಕಡುಹಸಿರು ರುಬಿಯಾ ಬಟ್ಟೆ, ಗಿಡ್ಡ ತೋಳು, ಮುಂದೆ ಐದು ಹುಕ್ಕು. ತುಮಕೂರಿನ ಒಂದು ಸಣ್ಣ ಅಂಗಡಿಯಲ್ಲಿ ದಸ್ತಗೀರ್ ಸಾಹೇಬರು ನನ್ನನ್ನು ಹೊಲಿದದ್ದು ಚಂದ್ರಕಲಾಳ ನಿಶ್ಚಿತಾರ್ಥಕ್ಕೆ. ಆಗ ಅವಳಿಗೆ ಇಪ್ಪತ್ತಮೂರು. ಸಾಹೇಬರು ಹೆಂಗಸರ ಮೈಗೆ ಟೇಪು ಹಿಡಿಯುವವರಲ್ಲ. ಅವಳ ಅಕ್ಕ ಸುಮಿತ್ರಾಳ ರವಿಕೆಯನ್ನು ಮೇಜಿನ ಮೇಲೆ ಹರಡಿ, ಇದಕ್ಕಿಂತ ಅರ್ಧ ಇಂಚು ಕಮ್ಮಿ ಎಂಬ ಮಾತನ್ನು ನಂಬಿ ಕತ್ತರಿಸಿದರು. ಅದೃಷ್ಟವೋ ಕೈಗುಣವೋ, ನಾನು ಅವಳ ಮೈಮೇಲೆ ಒಂದು ಸುಕ್ಕೂ ಇಲ್ಲದೆ ಕೂತೆ.

ಚೆನ್ನಾಗಿ ಕೂತ ರವಿಕೆಯನ್ನು ಹೆಚ್ಚು ತೊಡುವುದಿಲ್ಲ. ಅಳತೆಗೆಂದು ಎತ್ತಿಡುತ್ತಾರೆ. ಹೊಸ ಸೀರೆ ಬಂದಾಗಲೆಲ್ಲ ಅದರ ರವಿಕೆ ಬಟ್ಟೆಯ ಜೊತೆ ನಾನೂ ಚೀಲ ಸೇರಿ ಅಂಗಡಿಗೆ ಹೋಗುತ್ತಿದ್ದೆ. ಬೆನ್ನಿಗೆ ಸೀಮೆಸುಣ್ಣದ ಗೆರೆ ಹಚ್ಚಿಸಿಕೊಂಡು ಬೀರುವಿಗೆ ಮರಳುತ್ತಿದ್ದೆ.

ಹನ್ನೆರಡು ವರ್ಷ ಹೀಗೆ ಹೋಯಿತು. ಚಂದ್ರಕಲಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದಳು. ಎರಡು ಮಕ್ಕಳಾದವು. ಇಬ್ಬರಿಗೂ ಎರಡೆರಡು ವರ್ಷ ಹಾಲೂಡಿಸಿದಳು. ಅಂಗಡಿಯಲ್ಲಿ ಹೇಳುವ ಮಾತು ಮಾತ್ರ ಸ್ವಲ್ಪ ಬದಲಾಯಿತು. "ಇದೇ ಅಳತೆ ಸಾಹೇಬ್ರೇ, ಸುತ್ತ ಎರಡಿಂಚು ಬಿಡಿ." ಅವರು ಬಿಟ್ಟರು.

ಹೊಸ ರವಿಕೆಗಳು ಮಾತ್ರ ಒಂದೂ ಕೂರಲಿಲ್ಲ. ಮೇಲೆ ಬಟ್ಟೆ ಜೊಳ್ಳು, ಕೆಳಗೆ ಬಿಗಿ. ಬೀರುವಿನ ಬಾಗಿಲಿಗೇ ಕನ್ನಡಿ ಇತ್ತು. ಅವಳು ಅದರ ಮುಂದೆ ನಿಂತು ಸೆರಗು ಎಳೆದುಕೊಳ್ಳುವಳು, ಮತ್ತೆ ಎಳೆದುಕೊಳ್ಳುವಳು. ಒಂದು ದಿನ ನನ್ನನ್ನು ತೆಗೆದು ಎದೆಗೆ ಹಿಡಿದು ನೋಡಿದಳು. ನಾನು ಎಲ್ಲಿದ್ದೆನೋ ಅಲ್ಲೇ ಇದ್ದೆ. ಇಳಿದದ್ದು ಅವಳು. ಹಾಗೆಂದು ನಾನೂ ನಂಬಿದೆ.

ಜೋತ ಎದೆಯನ್ನು ಎತ್ತಿ ಕೂರಿಸುವ ಶಸ್ತ್ರಚಿಕಿತ್ಸೆ ಇದೆಯೆಂದು ಅವಳು ಫೋನಿನಲ್ಲಿ ಓದಿದ್ದು ಆ ವಾರ. ಗಂಡನಿಗೆ ಹೇಳಿದಳು. ಅವನು ನನಗೇನೂ ತೊಂದರೆ ಕಾಣಿಸುತ್ತಿಲ್ಲವಲ್ಲ ಎಂದ. ಒಳ್ಳೆಯ ಮಾತೇ. ಆದರೆ ಅವಳು ಕೇಳಿದ್ದು ಅದನ್ನಲ್ಲ.

ಬೆಂಗಳೂರಿನ ಆಸ್ಪತ್ರೆಗೆ ಅಕ್ಕ ಜೊತೆಗೆ ಬಂದಳು. ಡಾಕ್ಟರ್ ಐವತ್ತು ದಾಟಿದ ಹೆಂಗಸು. ಒಳಗೆ ಪರೀಕ್ಷೆ ಮಾಡಿ ಬಂದು ಕೂತು, ನಿಮಗೆ ಹೇಗಾಗಬೇಕು ಎಂದು ಕೇಳಿದರು. ಚಂದ್ರಕಲಾ ಚೀಲಕ್ಕೆ ಕೈ ಹಾಕಿ ನನ್ನನ್ನು ತೆಗೆದು ಮೇಜಿನ ಮೇಲಿಟ್ಟಳು.

"ಈ ಅಳತೆಗೆ" ಎಂದಳು.

ಸುಮಿತ್ರಾ ಅವಳ ತೊಡೆ ಚಿವುಟಿದಳು. "ಟೈಲರ್ ಹತ್ರ ಬಂದಿದೀನಿ ಅನ್ಕೊಂಡಿದಾಳೆ ಡಾಕ್ಟ್ರೇ. ಮಕ್ಕಳಿಗೆ ಸೈನ್ಸ್ ಬೇರೆ ಹೇಳ್ಕೊಡ್ತಾಳೆ."

ಡಾಕ್ಟರ್ ನಗಲಿಲ್ಲ. ನನ್ನನ್ನು ಬಿಡಿಸಿ ನೋಡಿದರು. ಯಾವ ಕಾಲದ್ದು ಎಂದು ಕೇಳಿದರು. ಹನ್ನೆರಡು ವರ್ಷ ಎಂದಾಗ ಮಡಚಿ ವಾಪಸು ಕೊಟ್ಟರು.

"ಈ ಅಳತೆ ನನ್ ಕೈಲಿ ಆಗಲ್ಲಮ್ಮ. ಇಳಿದದ್ದನ್ನ ಎತ್ತಬಹುದು. ಆದ್ರೆ ಹೊಲಿಗೆ ಗೆರೆ ಉಳಿಯುತ್ತೆ. ಇಪ್ಪತ್ತಮೂರು ವರ್ಷದ ಮೈ ಬೇಕು ಅಂದ್ರೆ, ಅದು ನನ್ ಹತ್ರ ಇಲ್ಲ."

ಆಮೇಲೆ ಚಂದ್ರಕಲಾ ನೋಟ್‌ಪುಸ್ತಕ ತೆಗೆದಳು. ತೊಟ್ಟನ್ನು ಮೇಲಕ್ಕೆ ಸರಿಸಿದರೆ ಅದಕ್ಕೆ ರಕ್ತ ಎಲ್ಲಿಂದ ಬರುತ್ತದೆ ಎಂದು ಕೇಳಿದಳು. ಡಾಕ್ಟರಿಗೆ ಖುಷಿಯಾಗಿ ಚಿತ್ರ ಬರೆದೇ ತೋರಿಸಿದರು. ಹೆಚ್ಚಾದ ಚರ್ಮ ತೆಗೆಯುತ್ತಾರೆ, ಒಳಗಿನದನ್ನು ಎತ್ತಿ ಕೂರಿಸುತ್ತಾರೆ. ಗಾತ್ರ ಹೆಚ್ಚೇನೂ ಬದಲಾಗುವುದಿಲ್ಲ. ಸ್ಪರ್ಶ ಮಂಕಾಗಬಹುದು, ಕೆಲವರಿಗೆ ಮರಳುವುದೇ ಇಲ್ಲ. ತೂಕ ಏರಿಳಿದರೆ, ಮತ್ತೆ ಬಸುರಾದರೆ, ವಯಸ್ಸಾದರೆ ಮತ್ತೆ ಇಳಿಯುತ್ತದೆ. ಮಕ್ಕಳಾಗದ ಆಪರೇಷನ್ ಆಗಿದೆ ಎಂದು ಚಂದ್ರಕಲಾ ಹೇಳಿದಳು. ಹಾಗಾದರೆ ಒಂದು ಚಿಂತೆ ಕಡಿಮೆ ಎಂದ ಡಾಕ್ಟರ್, ದಿನಾಂಕ ಮಾತ್ರ ಕೊಡಲಿಲ್ಲ. ಇದು ಯಾರಿಗಾಗಿ ಎಂದು ಯೋಚಿಸಿ, ಮೂರು ತಿಂಗಳು ಬಿಟ್ಟು ಬನ್ನಿ ಎಂದರು.

ಹಬ್ಬದ ಸೀರೆಗೆ ರವಿಕೆ ಹೊಲಿಸಬೇಕಿತ್ತು. ಚಂದ್ರಕಲಾ ನನ್ನನ್ನು ಹಿಡಿದು ಅಂಗಡಿಗೆ ಹೋದಳು. ಸಾಹೇಬರ ಕಣ್ಣು ಮಂಜಾಗಿ, ಅವರ ಹೆಂಡತಿ ನೂರುನ್ನೀಸಾ ಕತ್ತರಿ ಹಿಡಿದಿದ್ದರು. ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು.

"ಟೀಚರಮ್ಮ, ಇದು ನಿಮ್ದಾ, ನಿಮ್ ಮಗಳದಾ?"

ಪರದೆಯ ಹಿಂದೆ ಕರೆದು ಟೇಪು ಹಿಡಿದರು. ಹನ್ನೆರಡು ವರ್ಷದಲ್ಲಿ ಅದೇ ಮೊದಲು. ಎದೆಯ ಉಬ್ಬಿಗೆ ಸರಿಯಾಗಿ ಬಟ್ಟೆಯನ್ನು ಮಡಚಿ ಹೊಲಿಯುವ ಟಕ್ ಎರಡಿಂಚು ಕೆಳಗೆ ಬರಬೇಕಿತ್ತು. ಸುತ್ತಳತೆ ಬಿಟ್ಟುಕೊಂಡು ಹೋದವರು ಯಾರೂ ಟಕ್ ಇಳಿಸಿರಲಿಲ್ಲ. ನಾನು ಹೇಳಿದ ಕಡೆಯೇ ಹೊಲಿಯುತ್ತ ಬಂದಿದ್ದರು. ನನಗೆ ನಾಚಿಕೆಯಾಯಿತು.

ಹೊಸ ರವಿಕೆ ಚೆನ್ನಾಗಿ ಕೂತಿತು. ಸುಮಿತ್ರಾ ಮಂಚದ ಮೇಲೆ ಕೂತು ನಿರಾಳವಾಗಿ ಕಾಲು ಚಾಚಿದಳು. "ನೋಡು, ಅಷ್ಟೇ ವಿಷ್ಯ. ಒಂದು ಟಕ್‌ಗೋಸ್ಕರ ಮೈ ಕೊಯ್ಸೋಕೆ ಹೊರಟಿದ್ಯಲ್ಲೇ."

ಕಥೆ ಅಲ್ಲಿಗೆ ಮುಗಿಯಿತೆಂದು ನಾನೂ ಅಂದುಕೊಂಡೆ. ಚಂದ್ರಕಲಾ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡಳು. ಈ ಸಲ ಸೆರಗು ಎಳೆದುಕೊಳ್ಳಲಿಲ್ಲ.

"ರವಿಕೆ ಸರಿಯಾಯ್ತಕ್ಕ" ಎಂದಳು. "ರವಿಕೆ ಬಿಚ್ಚಿದ ಮೇಲೂ ನಾನಿರ್ತೀನಲ್ಲ."

ಅಕ್ಕ ಚಾಚಿದ ಕಾಲು ಮಡಚಿಕೊಂಡಳು. ಮುಂದಿನ ದಿನಗಳಲ್ಲಿ ಚಂದ್ರಕಲಾ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಿದ್ದಳು. ಅಳುತ್ತಿರಲಿಲ್ಲ. ಕೈಯಿಂದ ಎತ್ತಿ ನೋಡುವಳು, ಬಿಡುವಳು. ಹೊಲಿಗೆಯ ಗೆರೆಗಳು ಬರುವ ಜಾಗದಲ್ಲಿ ಕೆಂಪು ಪೆನ್ನಿನಿಂದ ಗೀಟು ಎಳೆದು, ಅದನ್ನು ಅಳಿಸದೆ ಸ್ಕೂಲಿಗೆ ಹೋಗಿ ಬಂದಳು. ಸಂಜೆ ಮತ್ತೆ ನೋಡಿಕೊಂಡಳು. ಆ ಗೀಟುಗಳ ಜೊತೆ ಇರಬಲ್ಲೆನೇ ಎಂದು ಪರೀಕ್ಷಿಸುತ್ತಿದ್ದಳು ಎಂದು ನನಗನಿಸಿತು.

ಮೂರು ತಿಂಗಳಾದ ಮೇಲೆ ಮತ್ತೆ ಬೆಂಗಳೂರಿಗೆ ಹೋದಳು. ನನ್ನನ್ನು ಕರೆದೊಯ್ಯಲಿಲ್ಲ. ಯಾರಿಗಾಗಿ ಎಂದು ಡಾಕ್ಟರ್ ಮತ್ತೆ ಕೇಳಿದರಂತೆ. ನನಗಾಗಿಯೇ ಎಂದು ಚಂದ್ರಕಲಾ ಹೇಳಿದಳಂತೆ. ಬೇಸಿಗೆ ರಜೆಗೆ ದಿನಾಂಕ ಕೊಟ್ಟರು.

ಗುಣವಾಗಲು ಸಮಯ ಹಿಡಿಯಿತು. ಮೊದಲ ವಾರಗಳಲ್ಲಿ ಕೈ ಮೇಲೆತ್ತುವಂತಿರಲಿಲ್ಲ. ತಲೆ ಬಾಚಿದ್ದೂ ಅಕ್ಕನೇ. ಗೆರೆಗಳು ಕೆಂಪಾಗಿದ್ದವು, ಆಮೇಲೆ ಕಂದಿದವು. ಎಡಗಡೆ ಸ್ಪರ್ಶ ಇನ್ನೂ ಅಷ್ಟಾಗಿ ಮರಳಿಲ್ಲ. ಅದನ್ನೂ ಅವಳು ತಿಂಗಳು ತಿಂಗಳು ನೋಟ್‌ಪುಸ್ತಕದಲ್ಲಿ ಬರೆದಿಟ್ಟಳು.

ದಸರೆಯ ಹೊತ್ತಿಗೆ ಸುಮಿತ್ರಾ ನನ್ನನ್ನು ಬೀರುವಿನಿಂದ ತೆಗೆದಳು. "ಒಂದ್ಸಲ ಹಾಕ್ಕೊಂಡು ನೋಡೇ. ಈಗ ಆಗ್ಬೋದು."

ನನಗೂ ಆಸೆಯಾಯಿತು. ಸುಳ್ಳು ಹೇಳುವುದಿಲ್ಲ.

ಚಂದ್ರಕಲಾ ನನ್ನನ್ನು ಕೈಗೆ ತೆಗೆದುಕೊಂಡು ಬಟ್ಟೆ ಸವರಿದಳು. "ಬೇಡಕ್ಕ. ಇದರ ಥರ ಆಗ್ಲಿ ಅಂತ ಮಾಡಿಸ್ಕೊಂಡಿದ್ದಲ್ಲ."

ಅವಳೇ ನನ್ನ ಹುಕ್ಕುಗಳನ್ನು ಬಿಚ್ಚಿದಳು, ಹೊಲಿಗೆ ಬಿಡಿಸಿದಳು, ನಾಲ್ಕು ಚೌಕ ಮಾಡಿದಳು. ಹಳೆಯ ರುಬಿಯಾ ತುಂಬ ಮೃದು. ಈಗ ಅವಳ ಸ್ಕೂಲಿನ ಪ್ರಯೋಗಶಾಲೆಯಲ್ಲಿ, ಮೈಕ್ರೋಸ್ಕೋಪಿನ ಪಕ್ಕದ ಡಬ್ಬಿಯಲ್ಲಿದ್ದೇನೆ. ಹುಡುಗಿಯರು ಈರುಳ್ಳಿ ಸಿಪ್ಪೆ ನೋಡುವ ಮುಂಚೆ ನನ್ನಿಂದ ಗಾಜು ಒರೆಸುತ್ತಾರೆ. ಯಾರು ಹೇಗಿರಬೇಕೆಂದು ಈಗ ನನ್ನನ್ನು ಯಾರೂ ಕೇಳುವುದಿಲ್ಲ. ಅವರು ಒಂದು ಕಣ್ಣು ಮುಚ್ಚಿ ಬಗ್ಗಿ ನೋಡುವಾಗ, ಏನು ಕಂಡಿತೋ ಎಂದು ನಾನು ಕಾಯುತ್ತೇನೆ.