ಅಪ್ಪನ ರೆಕಾರ್ಡಿಗೆ ಅವ್ವನ ಹೆಜ್ಜೆ

ವಾಡಿಯ ರೈಲ್ವೆ ಲೋಕೊ ಶೆಡ್ಡಿನಲ್ಲಿ ಎಂಜಿನ್ ಒರೆಸುವ ಖಲಾಸಿಯಾಗಿದ್ದ ಚಂದ್ರಾಮನಿಗೆ ಆ ರೆಕಾರ್ಡು ಸಿಕ್ಕಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆಸ್ಟ್ರೇಲಿಯಾಕ್ಕೆ ಹೊರಟುನಿಂತ ಆಂಗ್ಲೋ ಇಂಡಿಯನ್ ಡ್ರೈವರೊಬ್ಬ ಪ್ಲೇಯರಿನ ಜೊತೆಗೆ ಅದನ್ನೂ ಕೊಟ್ಟುಹೋಗಿದ್ದ. ಅಮೆರಿಕದ ಕಪ್ಪು ಜನರ ಫಂಕ್ ಸಂಗೀತ. ಹಾಡಿನ ಒಂದು ಮಾತೂ ಚಂದ್ರಾಮನಿಗೆ ತಿಳಿಯುತ್ತಿರಲಿಲ್ಲ. ಆದರೆ ಬೇಸ್ ಗಿಟಾರು ಶುರುವಾದರೆ ಅವನ ಭುಜಗಳು ಸುಮ್ಮನಿರುತ್ತಿರಲಿಲ್ಲ. ಮದುವೆಯಾಗಿ ಬಂದ ಲಾಲಮ್ಮ ಮೊದಮೊದಲು ನಾಚಿ ಅಡುಗೆಮನೆಗೆ ಓಡುತ್ತಿದ್ದಳು. ಆಮೇಲೆ ತಾನೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರು ನಿಲ್ಲತೊಡಗಿದಳು. ಇಬ್ಬರಿಗೂ ವಯಸ್ಸಾದ ಮೇಲೂ ಭಾನುವಾರ ಊಟ ಮುಗಿದರೆ ರೆಕಾರ್ಡು ತಿರುಗುತ್ತಿತ್ತು.

ಮಗಳು ಲುಂಬಿನಿ ಚಿತ್ತಾಪುರದ ಹೈಸ್ಕೂಲಿನಲ್ಲಿ ಟೀಚರು. ಒಂದು ಭಾನುವಾರ ಬಾಗಿಲ ಸಂದಿಯಿಂದ ಅವರ ಕುಣಿತವನ್ನು ಮೊಬೈಲಿನಲ್ಲಿ ತೆಗೆದಳು. ‘ನಮ್ಮನಿ ಡಿಸ್ಕೊ ಮುದುಕರು’ ಎಂದು ಬರೆದು ಎಲ್ಲರೂ ನೋಡುವಂತೆ ಜಾಲತಾಣಕ್ಕೆ ಹಾಕಿಬಿಟ್ಟಳು. ಅದು ಸೇಡಂ, ಚಿಂಚೋಳಿಯವರೆಗೂ ಹರಡಿತು. ಯಾರೋ ಅವ್ವನ ಸೊಂಟವನ್ನಷ್ಟೇ ದೊಡ್ಡದು ಮಾಡಿ, ಮತ್ತೆ ಮತ್ತೆ ತಿರುಗುವ ಹಾಗೆ ಮಾಡಿದರು. ಸ್ಟಾಫ್‌ರೂಮಿನಲ್ಲಿ ಎಲ್ಲರೂ ನಕ್ಕರು. ಲುಂಬಿನಿಯೂ ನಕ್ಕಳು. ಜೊತೆಯ ಟೀಚರ್ ತಸ್ಲೀಮ್ ಮಾತ್ರ ಕೇಳಿದಳು: “ನಿಮ್ಮ ಅವ್ವಗ ಗೊತ್ತದೇನು?”

ಅಂದು ಸಂಜೆ ಲುಂಬಿನಿ ಮನೆಗೆ ಬಂದಾಗ ಲಾಲಮ್ಮ ಸಂತೆಯ ಚೀಲವನ್ನು ಖಾಲಿಯಾಗಿಯೇ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಬದ್ನಿಕಾಯಿ ಮಾರಾಕಿ ನನ್ನ ನೋಡಿ ಎದ್ದು ನಿಂತು ಸೊಂಟ ತಿರುವಿದಳು. ಮಂದಿ ಎಲ್ಲ ನಕ್ಕರು. ನಂಗ ತಿಳಿಲೇ ಇಲ್ಲ. ಆಮ್ಯಾಲ ಆಕಿನೇ ಫೋನ್ ತೋರಿಸಿದಳು. ಯಾರು ತಗದಾರವ್ವ ಇದು?”

ಯಾರೋ ಕಿಟಕಿಯಿಂದ ತೆಗೆದಿರಬೇಕು ಎನ್ನುವ ಸುಳ್ಳು ಲುಂಬಿನಿಯ ನಾಲಿಗೆಯ ತನಕ ಬಂದಿತ್ತು. “ನಾನೇ,” ಎಂದಳು.

“ಮುದುಕರು ಅಂತ ಬರದಿದ್ದೂ ನೀನೇ?”

“ಹೂಂ. ತಪ್ಪಾತವ್ವ. ಈಗೇ ಅಳಿಸ್ತೀನಿ.”

“ಮಂದಿ ಫೋನಿನ್ಯಾಗಿಂದು ಹ್ಯಾಂಗ ಅಳಿಸ್ತಿ?” ಲಾಲಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. “ಹೊರಗ ನಾವು ಭಾಳ ತಲಿ ಬಗ್ಗಿಸಿ ನಡದೇವಿ, ನಿನಗ ಗೊತ್ತಿಲ್ಲ. ಈ ಖೋಲ್ಯಾಗಷ್ಟೇ ಯಾರಿಗೂ ಅಂಜಲಾರದ ಕುಣಿತಿದ್ವಿ.”

ಲುಂಬಿನಿಯ ಮುಖ ಸುಟ್ಟಂತಾಯಿತು. ಬೈದಿದ್ದರೆ ಅಳಬಹುದಿತ್ತು, ಈಗ ಅಳುವುದಕ್ಕೂ ನಾಚಿಕೆ. ಮರುದಿನ ಸ್ಟಾಫ್‌ರೂಮಿನಲ್ಲಿ ಎದ್ದುನಿಂತು, “ಅದರಾಗ ಇರೋರು ನಮ್ಮ ಅವ್ವ-ಅಪ್ಪ. ನಾ ತಪ್ಪು ಮಾಡೀನಿ. ದಯಮಾಡಿ ಅಳಿಸ್ರಿ,” ಎಂದಳು. ಕೆಲವರು ಅಳಿಸಿದರು. ಒಬ್ಬರು, “ಅಷ್ಟಕ್ಕೇನಾತು ಬಿಡ್ರಿ ಮೇಡಂ, ಮಜಾ ಅದ,” ಎಂದರು. ಆ ಮಾತು ಲುಂಬಿನಿಗೆ ತನ್ನದೇ ಬಾಯಿಂದ ಬಂದಂತೆ ಕೇಳಿಸಿತು.

ಮನೆಯಲ್ಲಿ ಭಾನುವಾರಗಳು ಸದ್ದಿಲ್ಲದೆ ಕಳೆದವು. “ಅಪ್ಪ, ರೆಕಾರ್ಡು ಹಚ್ಚು,” ಎಂದರೆ ಚಂದ್ರಾಮ ಅದರ ಧೂಳು ಒರೆಸಿ ಮತ್ತೆ ಕವರಿನೊಳಗೆ ಇಡುತ್ತಿದ್ದ. “ನಿಮ್ಮವ್ವ ಒಲ್ಲೆ ಅಂತಾಳ. ನಾ ಒಬ್ಬಂವ ಏನು ಕುಣಿಲಿ?”

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ, ಬಟ್ಟೆ ಒಣಹಾಕಿ ಬಂದ ಲುಂಬಿನಿಗೆ ಒಳಗಿನಿಂದ ಬೇಸ್ ಗಿಟಾರು ಕೇಳಿಸಿತು. ಬಾಗಿಲಿಗೆ ಚಿಲಕ ಹಾಕಿತ್ತು. ಬಡಿಯಲು ಧೈರ್ಯ ಬರದೆ ಅಂಗಳದಲ್ಲೇ ನಿಂತಳು. ಕಿಟಕಿಯಿಂದ ಅವ್ವ ಅವಳನ್ನು ಕಂಡಿರಬೇಕು. ಬೆವರಿದ ಮುಖದಲ್ಲಿ ಬಂದು ಬಾಗಿಲು ತೆಗೆದಳು.

“ಬಿಸಿಲಾಗ ಯಾಕ ನಿಂತೀದಿ? ಬಾ ಒಳಗ.”

ಲುಂಬಿನಿ ಗೋಡೆಗೊರಗಿ ಕೂತಳು. ಲಾಲಮ್ಮ ಮತ್ತೆ ಚಿಲಕ ಹಾಕಿ ಗಂಡನ ಎದುರು ನಿಂತಳು; ಕುಣಿಯುತ್ತಲೇ ಮಗಳ ಕಡೆಗೂ ಕೈ ಚಾಚಿದಳು. ಆ ಕೈ ಹಿಡಿಯಲು ಲುಂಬಿನಿಗೆ ಮುಖವಿರಲಿಲ್ಲ. ತಲೆ ತಗ್ಗಿಸಿ, ಕಲ್ಲಿನ ನೆಲದ ಮೇಲೆ ತಾಳಕ್ಕೆ ಬೀಳುತ್ತಿದ್ದ ಅವ್ವನ ಪಾದಗಳನ್ನಷ್ಟೇ ನೋಡುತ್ತ ಕೂತಳು.